ಪಾಲಿಗೆ ಬಾರದ ಬೆಕ್ಕು

ಮನೆ ಪಾಲಾದ ದಿನ ಎಲ್ಲವೂ ಪಾಲಾಯಿತು. ಮಂಚ, ಪಾತ್ರೆ, ಕಪಾಟು, ಅತ್ತೆಯ ಎರಡು ಶಾಲು, ಕೊನೆಗೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಯೂ ನಡುವೆ ತುಂಡಾಗಿ ಎರಡಾಯಿತು. ಪಾಲಿಗೆ ಬಾರದೆ ಉಳಿದದ್ದು ಬೆಕ್ಕು ಒಂದೇ. ಅತ್ತೆ ಸಾಕಿದ ಗಂಡುಬೆಕ್ಕು ಅದು. ಬೂದು ಮೈ, ಬಿಳಿ ಗದ್ದ, ಮಗುಚಿಟ್ಟ ಬಾಣಲೆಯಂಥ ಬೆನ್ನು. ಅದು ಯಾರಿಗೆ ಸೇರಬೇಕೆಂದು ಯಾರೂ ಕೇಳಲಿಲ್ಲ. ಕೇಳಿ ತೀರ್ಮಾನ ಮಾಡಿದ್ದರೂ ಅದು ಒಪ್ಪುತ್ತಿತ್ತು ಎನ್ನುವ ಹಾಗಿರಲಿಲ್ಲ. ಮನೆಯ ನಡುವೆ ಒಂದು ಗೋಡೆ ಎದ್ದಿತು, ಹಿತ್ತಲಿನ ನಡುವೆ ಎದೆಮಟ್ಟದ ಇನ್ನೊಂದು ಗೋಡೆ ಎದ್ದಿತು. ಬೆಕ್ಕು ಆ ಗಿಡ್ಡ ಗೋಡೆಯ ಮೇಲೆ ಕೂತು, ಎರಡೂ ಕಡೆಯ ಅಡುಗೆಮನೆಗಳ ಮೇಲೆ ಕಣ್ಣಿಟ್ಟುಕೊಂಡು, ಯಾರ ಹಂಗೂ ಇಲ್ಲದವರ ಹಾಗೆ ಬಾಳತೊಡಗಿತು.

ಅಣ್ಣತಮ್ಮಂದಿರ ನಡುವೆ ಮನಸ್ತಾಪ ಇರಲಿಲ್ಲ. ಇಬ್ಬರೂ ಲಿಫ್ಟ್ ರಿಪೇರಿಯವರು. ಬೆಳಗಾದರೆ ಒಂದೇ ಗಾಡಿಯಲ್ಲಿ ಹೋಗಿ, ಎತ್ತರದ ಕಟ್ಟಡಗಳ ಕತ್ತಲೆ ಬಾವಿಗಳಲ್ಲಿ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿಟ್ಟು ಕೆಲಸ ಮಾಡಿ ಬರುವವರು. ಮಾತು ಬಿಟ್ಟವರು ಅವರ ಹೆಂಡಿರು. ಹಿರಿಯ ಸೊಸೆ ಮನೆಯಲ್ಲೇ ಕೂತು ಪರದೆ ಹೊಲಿಯುತ್ತಿದ್ದಳು. ಕಿರಿಯವಳು ಬೇಕರಿಯಲ್ಲಿ ಕೆಲಸಕ್ಕಿದ್ದಳು. ಊರು ಏಳುವ ಮೊದಲೇ ಹೋಗಿ ಮಧ್ಯಾಹ್ನ ಮೈಯೆಲ್ಲ ಹಿಟ್ಟಾಗಿ ಬರುತ್ತಿದ್ದಳು.

ಮಾತು ನಿಂತದ್ದು ಅತ್ತೆ ತೀರಿಕೊಂಡ ಮರುದಿನ. ಅತ್ತೆ ಕೊನೆಯ ವರ್ಷ ಕಣ್ಣೆದುರಿಗೇ ಕರಗುತ್ತ ಹೋಗಿದ್ದರು. ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಹೇಳಿದರು. ಯಾವುದೂ ಇದೇ ಎಂದು ಗಟ್ಟಿಯಾಗಲಿಲ್ಲ. ಅವರಿಗೆ ಊಟ ಕೊಡುತ್ತಿದ್ದವಳು ಹಿರಿಯ ಸೊಸೆ. ಮೆತ್ತಗೆ ಬೇಯಿಸಿ, ಮಸೆದು, ಕಿಟಕಿಯ ಹತ್ತಿರ ಕೂರಿಸಿ ತಿನ್ನಿಸುತ್ತಿದ್ದಳು. ಅತ್ತೆ ತಿನ್ನುತ್ತಿದ್ದರು, ಮಾರನೆಯ ವಾರ ಅವರ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸತ್ತ ಮರುದಿನ ಮನೆ ತುಂಬ ನೆಂಟರಿದ್ದಾಗ ಹಿರಿಯ ಸೊಸೆ ನೀರಿನ ಲೋಟಗಳ ತಟ್ಟೆ ಹಿಡಿದು ಒಳಕೋಣೆಗೆ ಹೋಗುತ್ತಿದ್ದಳು. ಒಳಗೆ ಕಿರಿಯವಳು ತನ್ನ ಚಿಕ್ಕಮ್ಮನಿಗೆ ಹೇಳುತ್ತಿದ್ದದ್ದು ಬಾಗಿಲಲ್ಲೇ ಕಿವಿಗೆ ಬಿತ್ತು. "ಹೊಟ್ಟೆ ತುಂಬ ಹಾಕಿದ್ರೆ ಹಿಂಗ್ಯಾಕೆ ಆಗ್ತಿದ್ರು, ಚಿಕ್ಕಮ್ಮ."

ಹಿರಿಯವಳು ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟು ಹಿಂದಕ್ಕೆ ಬಂದಳು. ಜಗಳ ಆಡಲಿಲ್ಲ, ಅಳಲಿಲ್ಲ. ಗಂಡನಿಗೂ ಇಂಥದ್ದು ಎಂದು ಹೇಳಲಿಲ್ಲ. ಅಂದಿನಿಂದ ವಾರಗಿತ್ತಿಯ ಜೊತೆ ಮಾತಾಡುವುದನ್ನು ಮಾತ್ರ ಬಿಟ್ಟಳು. ಜಗಳವಾದರೆ ಒಂದು ದಿನ ಮುಗಿಯುತ್ತದೆ, ಮೌನಕ್ಕೆ ಹಾಗೆ ಕೊನೆ ಇಲ್ಲ. ವರ್ಷಗಳು ಉರುಳಿದವು.

ಬೆಕ್ಕಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಬೆಳಗಿನ ಹೊತ್ತು ಹಿರಿಯವಳ ಮನೆ. ಅಲ್ಲಿ ಅದರ ಹೆಸರು ದೊರೆ. ಹಾಲು, ಮೀನಿನ ತಲೆ ಮುಗಿಸಿ ಹೊಲಿಗೆ ಯಂತ್ರದ ಪಕ್ಕ ಬಿದ್ದಿರುವ ಪರದೆ ಬಟ್ಟೆಯ ರಾಶಿಯ ಮೇಲೆ ಮಲಗುತ್ತಿತ್ತು. ಮಧ್ಯಾಹ್ನ ಪಕ್ಕದ ಬಾಗಿಲು ತೆರೆದ ಸದ್ದಾದರೆ ಎದ್ದು ಗೋಡೆ ಹಾರಿ ಹೋಗುತ್ತಿತ್ತು. ಅಲ್ಲಿ ಅದರ ಹೆಸರು ಗುಂಡ. ಎರಡು ಮನೆಯಲ್ಲೂ ಹುಟ್ಟಿದಾಗಿನಿಂದ ಅನ್ನ ಕಾಣದವರ ಮುಖ ಮಾಡಿಕೊಂಡೇ ಒಳಗೆ ಬರುತ್ತಿತ್ತು.

ಬೆಕ್ಕಿಗೆ ವಯಸ್ಸಾದ ಮೇಲೆ ಒಂದು ಬೆಳಿಗ್ಗೆ ಹಿರಿಯವಳು ಬಟ್ಟೆ ಎಳೆದುಕೊಳ್ಳಲೆಂದು ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಕೈ ಸುಮ್ಮನೆ ಮೇಲೆ ಬಂದಂತಾಯಿತು. ತುಂಬಿದೆ ಎಂದುಕೊಂಡು ಬರಿದಾದ ಕೊಡ ಎತ್ತಿದಾಗ ಆಗುತ್ತದಲ್ಲ, ಹಾಗೆ. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಗಳು ಮಣಿಸರದ ಹಾಗೆ ಒಂದೊಂದೇ ಸಿಕ್ಕವು. ಉದ್ದ ಕೂದಲಿನ ಕೆಳಗೆ ಇಷ್ಟು ದಿನ ಏನು ನಡೆದಿತ್ತೋ ಕಣ್ಣಿಗೆ ಬಿದ್ದಿರಲಿಲ್ಲ.

ಅಂದಿನಿಂದ ಹಾಲಿಗೆ ಮೊಟ್ಟೆ ಸೇರಿತು, ಮೀನಿನ ತಲೆಯ ಜೊತೆ ಮೀನೂ ಬಂತು. ಬೆಕ್ಕು ಎಲ್ಲವನ್ನೂ ನೆಕ್ಕಿ ತಟ್ಟೆ ತೊಳೆದಂತೆ ಮಾಡಿ, ಇನ್ನೂ ಬೇಕೆಂದು ಕಿರುಚುತ್ತಿತ್ತು. ಮೊದಲೆಲ್ಲ ಮಲಗಿದರೆ ಹೆಣದ ಹಾಗೆ ಮಲಗುತ್ತಿದ್ದದ್ದು ಈಗ ಕೂತಲ್ಲಿ ಕೂರದೆ, ಬೆಂಕಿ ಬಿದ್ದವರಂತೆ ಮನೆ ಸುತ್ತುತ್ತಿತ್ತು. ನೀರಿನ ಬಟ್ಟಲು ಮಧ್ಯಾಹ್ನಕ್ಕೇ ಖಾಲಿ. ಇಷ್ಟು ತಿಂದೂ ಬಡವಾಗುತ್ತಲೇ ಹೋಯಿತು. ಹಿಂದಿನ ತೊಡೆಗಳು ಬತ್ತಿ, ಗೋಡೆ ಹಾರುವ ಮುಂಚೆ ಒಂದು ಗಳಿಗೆ ಯೋಚಿಸುವಂತಾಯಿತು.

ತನ್ನ ಕೈಯಿಂದ ಏನು ಬೀಳುತ್ತಿದೆ ಎಂಬುದು ಹಿರಿಯವಳಿಗೆ ಗೊತ್ತಿತ್ತು. ಹಾಗಾದರೆ ಕೊರತೆ ಇನ್ನೊಂದು ಕಡೆಯದೇ ಇರಬೇಕು. ಲೆಕ್ಕ ಇಷ್ಟು ಸುಲಭವಾಗಿ ಕೂಡಿಬಂದದ್ದರಿಂದ ಅವಳಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಊಟಕ್ಕೆ ಕೂತ ಗಂಡನ ಮುಂದೆ, ಪಕ್ಕದ ಮನೆಯಲ್ಲಿ ಬೆಕ್ಕಿಗೆ ಒಂದು ತುತ್ತೂ ಹಾಕುತ್ತಿಲ್ಲವೆಂದೂ, ಬೇಕರಿಯಲ್ಲಿ ಊರಿಗೆಲ್ಲ ಬ್ರೆಡ್ ಸುಡುವವರಿಗೆ ಒಂದು ಪ್ರಾಣಿಯ ಹೊಟ್ಟೆ ಕಾಣುವುದಿಲ್ಲವೆಂದೂ ಹೇಳಿದಳು. ತಮ್ಮನನ್ನು ಕೇಳಿ ನೋಡಿ ಎಂದಳು. ಗಂಡ ಎರಡು ತುತ್ತು ಉಂಡು, ತಾನು ದಿನವಿಡೀ ತಂತಿಗಳ ನಡುವೆ ನೇತಾಡಿ ಬರುವವನು, ಮನೆಗೆ ಬಂದು ಇನ್ನೊಂದು ತಂತಿಗೆ ನೇತಾಡುವ ಆಸೆ ತನಗಿಲ್ಲ ಎಂದ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಅವನಿಂದ ಆಗುವುದಲ್ಲವೆಂದು ಅವಳಿಗೆ ಅರ್ಥವಾಯಿತು.

ಕೆಲವು ದಿನ ಕಳೆದ ಮೇಲೆ ಬೆಕ್ಕು ಬೆಳಿಗ್ಗೆ ಬಂದಾಗ ಅದರ ಕೊರಳ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಬೋಳು ಚರ್ಮ, ನಡುವೆ ಒಣಗಿದ ಒಂದು ಕೆಂಪು ಚುಕ್ಕೆ. ಬಿಸಿನೀರು ಎರಚಿದ್ದಾರೋ, ಹಗ್ಗ ಕಟ್ಟಿ ಎಳೆದಿದ್ದಾರೋ ಎಂದು ಅವಳ ರಕ್ತ ಕುದಿಯಿತು. ಆ ಮಧ್ಯಾಹ್ನ ಕಿರಿಯವಳು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಳು. ಹಿರಿಯವಳು ಇತ್ತ ಕಡೆ ನಿಂತು, ಅವಳಿಗಲ್ಲ, ಗೋಡೆಗೆ ಹೇಳಿದಳು.

"ಬಾಯಿಲ್ಲದ ಪ್ರಾಣಿನ ಉಪವಾಸ ಕೆಡವಿ, ಮೇಲೆ ಗಾಯಾನೂ ಮಾಡೋ ಕೈಗೆ ಒಳ್ಳೇದಾಗಲ್ಲ."

ಅತ್ತ ಕಡೆ ಒದ್ದೆ ಬಟ್ಟೆ ಕೊಡವುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಿತು. ಉತ್ತರ ಬರದೆ ಇದ್ದದ್ದನ್ನೇ ಹಿರಿಯವಳು ಒಪ್ಪಿಗೆ ಎಂದು ಎಣಿಸಿದಳು.

ಆ ವಾರವೇ ಒಂದು ಬೆಳಿಗ್ಗೆ, ಹೊಲಿಯಬೇಕಿದ್ದ ಹೋಟೆಲಿನ ಪರದೆಗಳನ್ನು ಹಾಗೇ ಬಿಟ್ಟು, ಬೆಕ್ಕನ್ನು ಬಟ್ಟೆ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬಲೆಯ ಬಟ್ಟೆ ಬಿಗಿದು ಪ್ರಾಣಿಗಳ ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಅದು ಕೂಗಿತು. ಬಸ್ಸಿನಲ್ಲಿದ್ದವರೆಲ್ಲ ಅವಳೇ ಅಪರಾಧಿಯೆಂಬಂತೆ ನೋಡಿದರು. ಆಸ್ಪತ್ರೆಯ ಹೊರಕೋಣೆಯಲ್ಲಿ ಕಾಲಿಗೆ ಪಟ್ಟಿ ಸುತ್ತಿದ ನಾಯಿಯೊಂದು ಮಲಗಿತ್ತು. ಅದನ್ನು ಕಂಡು ಬೆಕ್ಕು ಬಾಯಿ ಮುಚ್ಚಿತು.

ಡಾಕ್ಟರು ಕನ್ನಡಕ ಹಾಕಿದ, ಮೆಲುದನಿಯ ಹೆಂಗಸು. ಬಲೆ ಬಿಚ್ಚಿ ಬೆಕ್ಕಿನ ಮುಖ ನೋಡಿದವರೇ ಅದರ ಬಿಳಿ ಗದ್ದ ಸವರಿದರು.

"ಗುಂಡ ಅಲ್ವಾ ಇದು? ಯಾಕೆ, ಇನ್ನೂ ಇಳೀತಿದಾನಾ?"

ಇದು ದೊರೆ ಎಂದಳು ಹಿರಿಯವಳು. ಆಮೇಲೆ, ಗುಂಡ ಅಂತಲೂ ಕರೆಯುತ್ತಾರೆ ಎಂದು ಸೇರಿಸಿದಳು.

ಡಾಕ್ಟರು ಬೆಕ್ಕನ್ನು ತೂಗಿ, ಕೊರಳನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಬೋಳು ಜಾಗ ತೋರಿಸಿ ಹಿರಿಯವಳು ಇದೇನೆಂದು ಕೇಳಿದಳು. ರಕ್ತ ತೆಗೆಯಲು ತಾವೇ ಕೂದಲು ಬೋಳಿಸಿದ್ದು ಎಂದರು ಡಾಕ್ಟರು. ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸು ತಂದಿದ್ದರಂತೆ. ಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗಿದೆ, ಮಾತ್ರೆಯೂ ಶುರುವಾಗಿದೆಯಂತೆ. ಕೊರಳಲ್ಲಿರುವ ಒಂದು ಸಣ್ಣ ಗ್ರಂಥಿ ವಯಸ್ಸಾದ ಬೆಕ್ಕುಗಳಲ್ಲಿ ಹೀಗೆ ಹದ್ದು ಮೀರಿ ಕೆಲಸ ಮಾಡುತ್ತದೆ, ಆಗ ಮೈ ತನ್ನನ್ನೇ ತಾನು ಉರಿಸಿಕೊಳ್ಳುತ್ತದೆ, ಎದೆಬಡಿತ ಓಡುತ್ತದೆ, ಹಸಿವು ಹೆಚ್ಚುತ್ತದೆ ಎಂದು ಬಿಡಿಸಿ ಹೇಳಿದರು.

"ಹಾಗಾದ್ರೆ ಊಟ ಸಾಲದೆ ಆದದ್ದಲ್ವಾ, ಡಾಕ್ಟ್ರೇ?"

"ಅಲ್ಲಮ್ಮ. ಎಷ್ಟು ಹಾಕಿದ್ರೂ ಮೈಗೆ ಹತ್ತಲ್ಲ. ಊಟ ಹಾಕೋರ ತಪ್ಪೇನಿಲ್ಲ ಇದರಲ್ಲಿ."

ಡಾಕ್ಟರು ಇದನ್ನು ಕೈ ತೊಳೆಯುತ್ತ, ಬೆನ್ನು ಮಾಡಿಕೊಂಡು ಹೇಳಿದರು. ಹಿರಿಯವಳು ಬುಟ್ಟಿಯ ಅಂಚು ಹಿಡಿದುಕೊಂಡಳು. ಮನುಷ್ಯರಿಗೂ ಹೀಗೆ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದರು ಡಾಕ್ಟರು. ಇದೂ ಆಗಬಹುದು, ಬೇರೆಯದೂ ಆಗಬಹುದು, ವಯಸ್ಸಾದವರು ಸೊರಗಲು ನೂರೆಂಟು ಕಾರಣ. ಯಾರಿಗಾಗಿ ಕೇಳುತ್ತಿದ್ದೀರಿ ಎಂದರು.

"ಯಾರಿಗೂ ಇಲ್ಲ. ಸುಮ್ನೆ ಕೇಳ್ದೆ."

ಅತ್ತೆಗೆ ಏನಿತ್ತೋ ಯಾರಿಗೂ ತಿಳಿದಿರಲಿಲ್ಲ, ಇನ್ನು ತಿಳಿಯುವಂತೆಯೂ ಇರಲಿಲ್ಲ. ಆದರೆ ತನ್ನ ಮೇಲೆ ಬಂದಿದ್ದ ಮಾತನ್ನೇ ತಾನು ಇಷ್ಟು ದಿನ ಇನ್ನೊಬ್ಬಳ ಮೇಲೆ ಹೊರಿಸುತ್ತ ಬಂದದ್ದು ಅವಳಿಗೆ ಅಲ್ಲಿ, ಆ ಔಷಧದ ವಾಸನೆಯ ಕೋಣೆಯಲ್ಲಿ, ಸ್ಪಷ್ಟವಾಗಿ ಕಂಡಿತು. ನಾಚಿಕೆಗಿಂತ ಹೆಚ್ಚಾಗಿ ಅವಳಿಗೆ ಆಶ್ಚರ್ಯವಾಯಿತು. ಹಾಗೆ ಅಂದುಕೊಳ್ಳುವುದು ಎಷ್ಟು ಸುಲಭವಾಗಿತ್ತು.

ಡಾಕ್ಟರು ಮತ್ತೊಂದು ವಿಷಯ ಹೇಳಿದರು. ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು ಬೀಳಬೇಕು. ಆ ಹೆಂಗಸು ಸಂಜೆಯದು ಕೊಡುತ್ತೇನೆ, ಬೆಳಿಗ್ಗೆ ಬೆಕ್ಕು ತನ್ನ ಕೈಗೆ ಸಿಗುವುದಿಲ್ಲ, ಅಕ್ಕನ ಮನೆಯಲ್ಲಿರುತ್ತದೆ ಎಂದಿದ್ದರಂತೆ. "ಹಾಗಾದ್ರೆ ಅಕ್ಕನಿಗೆ ಹೇಳಿ ಅಂದೆ. ಹೇಳ್ಲಿಲ್ವಾ ಅವರು?" ಅರ್ಧ ಔಷಧಕ್ಕೆ ಅರ್ಧ ಕಾಯಿಲೆಯೂ ವಾಸಿಯಾಗುವುದಿಲ್ಲ ಎಂದರು. ಇನ್ನು ಇಬ್ಬರೂ ತಿಳಿಯದೆ ಎರಡೆರಡು ಕೊಟ್ಟರೆ ಅದೂ ಅಪಾಯ. ಮಾತಾಡಿಕೊಂಡು ಕೊಡಿ ಎಂದರು. ಮೂತ್ರಪಿಂಡದ ಮೇಲೂ ಕಣ್ಣಿಟ್ಟಿರಬೇಕು, ಕೆಲವು ವಾರ ಬಿಟ್ಟು ಮತ್ತೆ ಕರೆತನ್ನಿ ಎಂದು ಕಳಿಸಿದರು.

ಮನೆಗೆ ಬಂದು ಹಿರಿಯವಳು ಹೊಲಿಗೆ ಹಾಕಲು ಕೂತಳು. ಒಂದು ಪರದೆಯ ಅಂಚನ್ನು ತಿರುಗುಮುರುಗಾಗಿ ಮಡಿಸಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಪಕ್ಕದ ಬಾಗಿಲು ತೆರೆದ ಸದ್ದಾಯಿತು. ಬೆಕ್ಕು ಎದ್ದು ಹಿತ್ತಲಿಗೆ ಹೋಯಿತು. ಅವಳೂ ಎದ್ದಳು, ಆದರೆ ಬೀದಿ ಬಾಗಿಲಿನಿಂದ ಸುತ್ತಿ ಹೋದಳು.

ಬಾಗಿಲು ತೆರೆದ ಕಿರಿಯವಳ ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ಒಳಗೆ ಬನ್ನಿ ಎನ್ನಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಹಿರಿಯವಳು ಒಳಗೆ ಹೋದಳು. ಅತ್ತೆಯ ಕೋಣೆ ಈಗ ಅಡುಗೆಮನೆಯಾಗಿತ್ತು. ಅತ್ತೆಯನ್ನು ಕೂರಿಸುತ್ತಿದ್ದ ಕಿಟಕಿಯ ಕೆಳಗೆ ಗ್ಯಾಸ್ ಒಲೆ. ಬೆಕ್ಕು ಆಗಲೇ ಬಂದು ಒಲೆಯ ಹತ್ತಿರ ಬಾಲ ಸುತ್ತಿಕೊಂಡು ಕೂತು, ಇವಳನ್ನು ಗುರುತೇ ಇಲ್ಲದವರ ಹಾಗೆ ನೋಡಿತು.

"ಡಾಕ್ಟರ ಹತ್ರ ಹೋಗಿದ್ದೆ," ಎಂದಳು ಹಿರಿಯವಳು. "ಬೆಳಗಿನ ಮಾತ್ರೆ ನಾನು ಹಾಕ್ತೀನಿ. ಹೇಗೆ ಹಾಕೋದು ತೋರ್ಸು."

ಕಿರಿಯವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇವನಿಗೆ ಹುಷಾರಿಲ್ಲ ಅಂತ ಹೇಳೋಕೆ ಎರಡು ಸಲ ಗೋಡೆ ತನಕ ಬಂದೆ, ಅಕ್ಕ. ಮೂರನೇ ಸಲ ಬಂದಾಗ ನೀವೇ ಶುರು ಮಾಡಿದ್ರಿ."

"ಕೇಳಿಸ್ತಾ ಅದು?"

"ಬೀದಿಗೇ ಕೇಳಿಸ್ತು."

ಹಿರಿಯವಳು ನೆಲ ನೋಡಿದಳು. ನಂತರ, ತಾನು ಇಲ್ಲಿಗೆ ಬಂದದ್ದು ಇದಕ್ಕೇ ಏನೋ ಎನ್ನುವಂತೆ, ನಿಧಾನವಾಗಿ ಹೇಳಿದಳು. "ಅವತ್ತು ನಾನೂ ಬಾಗಿಲ ಹತ್ರಾನೇ ಇದ್ದೆ. ನೀನು ಚಿಕ್ಕಮ್ಮಂಗೆ ಹೇಳ್ತಿದ್ದಾಗ."

"ಗೊತ್ತು. ಲೋಟ ಇಟ್ಟ ಸದ್ದು ಕೇಳಿಸಿತ್ತು." ಕಿರಿಯವಳು ಡಬ್ಬಿಯ ಮುಚ್ಚಳ ತೆಗೆದು ಮಾತ್ರೆಯೊಂದನ್ನು ಅಂಗೈಗೆ ಹಾಕಿಕೊಂಡಳು. "ಬಾಯಿಂದ ಬಿದ್ಮೇಲೆ ಹೆಂಗೆ ಎತ್ಕೊಳ್ಳೋದು ಅಂತ ತಿಳೀಲಿಲ್ಲ ನಂಗೆ. ಅತ್ತೆ ಉಣ್ತಿದ್ದದ್ದು ನಾನೂ ನೋಡಿದ್ದೆ. ಆದ್ರೂ ಯಾರಾದ್ರೂ ಕಾರಣ ಅಂತ ಆಗಬೇಕಿತ್ತು ನಂಗೆ."

ಹಿರಿಯವಳು ಇದಕ್ಕೆ ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲದ ಮಾತು ಅದಾಗಿರಲಿಲ್ಲ. ಹೂಂ ಎಂದಳು. ಆಮೇಲೆ ಇಬ್ಬರೂ ಬೆಕ್ಕಿನ ಕಡೆ ತಿರುಗಿದರು. ಕಿರಿಯವಳು ಅದನ್ನು ಮಂಡಿಗಳ ನಡುವೆ ಹಿಡಿದು, ದವಡೆಯ ಮೂಲೆ ಒತ್ತಿ, ಮಾತ್ರೆಯನ್ನು ನಾಲಗೆಯ ಬುಡಕ್ಕೆ ಹಾಕಿ, ಬಾಯಿ ಮುಚ್ಚಿ ಗಂಟಲು ಸವರಿದಳು. ಬೆಕ್ಕು ನುಂಗಿತು. ನುಂಗಿದೆ ಎಂದು ಇಬ್ಬರೂ ಅಂದುಕೊಂಡರು. ಒಲೆಯ ಮರೆಗೆ ಹೋಗಿ ಅದು ಮಾತ್ರೆಯನ್ನು ಉಗಿಯಿತು. ಹಿರಿಯವಳು ಬಗ್ಗಿ ಎತ್ತಿಕೊಟ್ಟಳು. ಎರಡನೆಯ ಸಲ ಹಿಂಗಾಲು ಹಿಡಿದುಕೊಂಡವಳು ಅವಳು.

ಬೆಳಗಿನದು ಹಿರಿಯವಳದು, ಸಂಜೆಯದು ಕಿರಿಯವಳದು ಎಂದಾಯಿತು. ಹಾಕಿದವರು ಗೋಡೆಯ ಹತ್ತಿರ ಬಂದು "ಆಯ್ತು" ಎನ್ನಬೇಕು. ಮೊದಮೊದಲು ಅವರ ನಡುವೆ ಅಷ್ಟೇ ಮಾತು. ಮುಂದೆ "ಆಯ್ತು, ಆದ್ರೆ ಪರಚಿತು" ಎಂದು ಬೆಳೆಯಿತು. ಬೆಕ್ಕಿನ ಕಿರುಚಾಟ ತಗ್ಗಿತು. ಬೆನ್ನ ಮೂಳೆಗಳ ಮೇಲೆ ತೆಳುವಾಗಿ ಮಾಂಸ ಕೂತಿತು. ಎರಡನೆಯ ಸಲ ಇಬ್ಬರೂ ಕೂಡಿ ಆಸ್ಪತ್ರೆಗೆ ಹೋದಾಗ ಡಾಕ್ಟರು ತೂಕ ನೋಡಿ ತಲೆದೂಗಿದರು. ದೊರೆಯೋ ಗುಂಡನೋ ಎಂದು ಕೇಳಿದಾಗ ಇಬ್ಬರೂ ಒಮ್ಮೆಗೇ ತಂತಮ್ಮ ಹೆಸರು ಹೇಳಿದರು.

ಆ ಚಳಿಗಾಲ ಬೆಕ್ಕು ಚೆನ್ನಾಗಿಯೇ ಇತ್ತು. ಬೇಸಿಗೆಯ ಹೊತ್ತಿಗೆ ಡಾಕ್ಟರು ಅಂಜಿದ್ದ ಮೂತ್ರಪಿಂಡ ಸೋಲತೊಡಗಿತು. ಈ ಬಾರಿ ತಿನ್ನುವುದನ್ನೇ ಬಿಟ್ಟಿತು. ಮಾಡುವಷ್ಟು ಮಾಡಿದರು. ಒಂದು ಮಧ್ಯಾಹ್ನ ಅದು ಹಿರಿಯವಳ ಬಟ್ಟೆಯ ರಾಶಿಯ ಮೇಲೆ ಮಲಗಿದಲ್ಲೇ ಹೋಯಿತು. ಅವಳು ಗೋಡೆಯ ಬಳಿ ನಿಂತು ಕೂಗಿದಳು. ಅಣ್ಣತಮ್ಮಂದಿರು ಸಂಜೆ ಬಂದು ಹಿತ್ತಲಲ್ಲಿ ಗುಂಡಿ ತೆಗೆದರು. ಯಾವ ಕಡೆಯ ಹಿತ್ತಲಲ್ಲಿ ಎಂಬ ಪ್ರಶ್ನೆ ಬಂತು. ಕಿರಿಯವಳ ಕಡೆ ಮಣ್ಣು ಮೆತ್ತಗಿದೆ ಎಂದು ಅಲ್ಲೇ ತೆಗೆದರು.

ಈಗ ಅವರಿಬ್ಬರು ಮಾತು ಬಿಟ್ಟವರು ಎನ್ನುವ ಹಾಗಿಲ್ಲ. ಬಹಳ ಬೇಕಾದವರು ಎನ್ನುವ ಹಾಗೂ ಇಲ್ಲ. ಬೆಕ್ಕು ಹೋದ ಮೇಲೆ ಆಡಲು ವಿಷಯವಿಲ್ಲದೆ ಒಂದೆರಡು ವಾರ ಮಾತು ನಿಂತೇ ಹೋಗಿತ್ತು. ಆಮೇಲೆ ಒಂದು ದಿನ ಕಿರಿಯವಳು ಜಿಪ್ ಕಿತ್ತುಹೋದ ಕೈಚೀಲವನ್ನು ಹಿಡಿದುಕೊಂಡು ಬಂದು, ಇದಾಗುತ್ತದೆಯೇ ಅಕ್ಕ ಎಂದು ಕೇಳಿದಳು. ಹಿರಿಯವಳು ಅದನ್ನು ತಿರುಗಿಸಿ ನೋಡಿ, ಜಿಪ್ ಬೇರೆಯದೇ ಹಾಕಬೇಕು, ನಾಳೆ ಸಂಜೆ ಬಾ ಎಂದಳು.