ನಲವತ್ತೊಂದು ಔಷಧಿ ಒಗ್ಗದ ಮನುಷ್ಯ

೧

ಭೂಮಿಯ ಮೇಲೆ ಇದುವರೆಗೆ ಹುಟ್ಟಿದ ಅಷ್ಟೂ ಕಥೆಗಳಿಗೆ ಮೊದಲ ವಾಕ್ಯ ಬರೆದುಕೊಟ್ಟವನು ನಾನೇ. ಸುಳ್ಳೆನಿಸಿದರೆ ಕಥೆಗಳನ್ನೇ ಕೇಳಿ ನೋಡಿ. ಅಂಥ ನನಗೆ ಈ ಒಂದು ಕಥೆಯನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯುತ್ತಿಲ್ಲ. ಆಸ್ಪತ್ರೆಯಿಂದಲೋ? ಆಫೀಸಿನಿಂದಲೋ? ಫೋನು ಹೊಡೆದುಕೊಂಡ ಗಳಿಗೆಯಿಂದಲೋ?

ಹೋಗಲಿ, ಗೆರೆಯಮ್ಮನಿಂದಲೇ ಶುರುವಾಗಲಿ.

ಅವಳ ಕೆಲಸ ಗೆರೆ ಎಳೆಯುವುದು. ಕಂಪ್ಯೂಟರ್ ಪರದೆಯ ಎಡಕ್ಕೊಂದು ಮರ, ಬಲಕ್ಕೊಂದು ಮರ. ಎಡದ್ದು ಆಸ್ಪತ್ರೆಯ ಹಳೆಯ ಸಾಫ್ಟ್‌ವೇರು, ಬಲದ್ದು ಹೊಸದು. ಎರಡೂ ತಲೆಕೆಳಗಾದ ಮರಗಳು: ಮೇಲೆ ವಾರ್ಡು, ವಾರ್ಡಿನ ಕೆಳಗೆ ರೋಗಿಗಳು, ಪ್ರತಿ ರೋಗಿಯ ಕೆಳಗೆ ಎಲೆಗಳಂತೆ ಅವರಿಗೆ ಒಗ್ಗದ ಔಷಧಿಗಳು. ಈ ಕೊಂಬೆಯಿಂದ ಆ ಕೊಂಬೆಗೆ ಮೌಸಿನಲ್ಲಿ ಗೆರೆ ಎಳೆದರೆ ಮಾಹಿತಿ ಹರಿಯುತ್ತದೆ. ಮ್ಯಾಪಿಂಗ್ ಎನ್ನುತ್ತಾರೆ. (ಅವಳು ಒಂದು ದಿನಕ್ಕೆ ಎಳೆಯುವ ಗೆರೆಗಳನ್ನು ಗಂಟು ಹಾಕಿದರೆ ಚಂದ್ರನವರೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಬಹುದು.)

“ಮೂವತ್ತು,” ಎಂದಳು ಗೆರೆಯಮ್ಮ, ನನ್ನ ಭುಜದ ಹಿಂದೆ ನಿಂತು ಓದುತ್ತ. “ದಿನಕ್ಕೆ ಮೂವತ್ತು ಗೆರೆ. ಚಂದ್ರನ್ನ ಅವನ ಪಾಡಿಗೆ ಬಿಡಿ, ಬುರುಡೆ ಸಾರ್.”

(ಬುರುಡೆ ಎಂಬುದು ಆಫೀಸಿನವರು ನನಗೆ ಪ್ರೀತಿಯಿಂದ ಇಟ್ಟ ಹೆಸರು. ‘ಪ್ರೀತಿಯಿಂದ’ ಎಂಬುದು ನನ್ನ ಸೇರ್ಪಡೆ.)

೨

ಹೊಸ ಸಾಫ್ಟ್‌ವೇರು ಚಾಲೂ ಆದ ಮೊದಲ ಬೆಳಿಗ್ಗೆ. ಒಂಬತ್ತೂವರೆ. ಹತ್ತಕ್ಕೆ ವಾರ್ಡುಗಳಲ್ಲಿ ಔಷಧಿ ಕೊಡುವ ಹೊತ್ತು. ಮೂರನೇ ವಾರ್ಡಿನ ಹಿರಿಯ ನರ್ಸ್ ಫೋನು ಮಾಡಿದರು. ಗೆರೆಯಮ್ಮ ಎತ್ತಿದಳು.

“ಮೇಡಂ, ನಮ್ಮ ಒಂದನೇ ಬೆಡ್ಡಿನ ಮೇಷ್ಟ್ರಿಗೆ ನಲವತ್ತೊಂದು ಔಷಧಿ ಆಗಲ್ಲ ಅಂತ ತೋರಿಸ್ತಿದೆ. ಗಾಯಕ್ಕೆ ಹಚ್ಚೋ ಮುಲಾಮೂ ಸೇರಿ! ಮನುಷ್ಯ ಇಷ್ಟು ದಿನ ಹೇಗೆ ಬದುಕಿದಾರೆ?”

“ಮಿಕ್ಕವರಿಗೆ ಏನು ತೋರಿಸ್ತಿದೆ, ಸಿಸ್ಟರ್?”

“ಏನೂ ಇಲ್ಲ, ಖಾಲಿ. ಆದ್ರೆ ಒಂಬತ್ತನೇ ಬೆಡ್ಡಿನ ಅಜ್ಜಿ ಕೈಗೆ ಕೆಂಪು ಪಟ್ಟಿ ಇದೆ. ಏನೋ ಒಂದು ಔಷಧಿ ಆಗಲ್ಲ ಅಂತ ನಾನೇ ಕಟ್ಟಿದ್ದು.”

ಗೆರೆಯಮ್ಮನಿಗೆ ಆಗಲೇ ಹೊಳೆಯಿತು. ಎಲೆಯಿಂದ ಎಲೆಗೆ ಗೆರೆ ಎಳೆದು, ಆ ಎಲೆ ಯಾವ ರೋಗಿಯ ಕೊಂಬೆಯದೆಂದು ಹೇಳದೆ ಬಿಟ್ಟರೆ, ಸಾಫ್ಟ್‌ವೇರು ಅಷ್ಟನ್ನೂ ಬಾಚಿ ಮೊದಲ ರೋಗಿಯ ಮಡಿಲಿಗೆ ಸುರಿಯುತ್ತದೆ. ಪರೀಕ್ಷೆಯಲ್ಲಿ ಇದು ಸಿಕ್ಕಿಬಿದ್ದಿರಲಿಲ್ಲ. ಪರೀಕ್ಷೆಯ ಫೈಲಿನಲ್ಲಿ ಇದ್ದದ್ದು ಒಬ್ಬನೇ ರೋಗಿ. ಒಂದೇ ಮನೆಯಿರುವ ಊರಿನಲ್ಲಿ ಅಂಚೆಯವನು ದಾರಿ ತಪ್ಪುವುದುಂಟೆ?

(ತಪ್ಪು ಗೆರೆಯಮ್ಮನದೇ. ಕಥೆಗೊಬ್ಬ ನಾಯಕಿ ಬೇಕು, ನಾಯಕಿಗೊಂದು ತಪ್ಪು ಬೇಕು.)

ಈ ಸಾಲನ್ನು ಅವಳು ಎರಡು ಸಲ ಓದಿದಳು.

೩

ಒಂಬತ್ತನೇ ಬೆಡ್ಡಿನ ಅಜ್ಜಿ ಬೇರೆ ಯಾರೂ ಅಲ್ಲ, ಗೆರೆಯಮ್ಮನ ಹೆತ್ತ ತಾಯಿ! ಮಗಳು ಎದೆ ಬಡಿದುಕೊಂಡು…

“ನಮ್ಮಮ್ಮ ಮನೇಲಿ ಗಟ್ಟಿಮುಟ್ಟಾಗಿ ಕೂತು ಸೊಸೆ ಮೇಲೆ ರೇಗ್ತಿದಾರೆ. ನಿಮ್ಮ ಕಥೆ ಏಳಿಗೆಗೆ ಅವರನ್ನ ಯಾಕ್ರೀ ಹಾಸಿಗೆ ಹಿಡಿಸ್ತೀರಾ?”

(ಮೂರನೆಯ ಭಾಗ ರದ್ದು.)

೩, ಮತ್ತೊಮ್ಮೆ

“ಸಿಸ್ಟರ್, ಪರದೆ ನಂಬಬೇಡಿ,” ಎಂದಳು ಗೆರೆಯಮ್ಮ. “ಔಷಧಿ ತಡ ಆದ್ರೂ ಪರವಾಗಿಲ್ಲ. ರೋಗಿಗಳ ಹಳೇ ಕಾಗದ ತೆಗೆದು ನೋಡಿ ಕೊಡಿ. ಹನ್ನೊಂದು ವಾರ್ಡಿಗೂ ಹೇಳಿಬಿಡ್ತೀರಾ?”

“ಓಡ್ತೀನಿ.”

ಫೋನಿಟ್ಟವಳೇ ಮಾಹಿತಿಯ ಹರಿವನ್ನು ನಿಲ್ಲಿಸಿದಳು. ಆ ಏಟಿಗೆ ಕಟ್ಟಡ ನಡುಗಿತು, ಲಿಫ್ಟು ನಡುದಾರಿಯಲ್ಲಿ ನಿಂತಿತು…

“ಲಿಫ್ಟ್ ಕೆಟ್ಟು ಒಂದು ವಾರ ಆಯ್ತು.”

…ಲಿಫ್ಟು ಮೊದಲೇ ಕೆಟ್ಟಿತ್ತು. ಅವಳು ಬಿಟ್ಟುಹೋಗಿದ್ದ ಗೆರೆಯನ್ನು ಎಳೆದಳು. ರೋಗಿಯಿಂದ ರೋಗಿಗೆ, ಒಂದೇ ಗೆರೆ. ಎಳೆಯಲು ಎರಡು ಸೆಕೆಂಡು. ಆಮೇಲೆ ಮಾಡಲು ಕೆಲಸವಿರಲಿಲ್ಲ. ಹತ್ತು ಗಂಟೆಯಾಯಿತು. ಹತ್ತೂ ಐದಾಯಿತು. ಫೋನು ಗುಮ್ಮನೆ ಕೂತಿತ್ತು. ಯಾವುದೋ ವಾರ್ಡಿನಲ್ಲಿ ಯಾರೋ ಖಾಲಿ ಪರದೆ ನೋಡಿ ಸೂಜಿ ಎತ್ತಿಕೊಂಡಿದ್ದರೆ?

೪

ಇಲ್ಲಿ ನಿಮಗೆ ಬೇಕಾದ ಅಂತ್ಯ ಆರಿಸಿಕೊಳ್ಳಬಹುದು.

ಅ) ಒಬ್ಬರು ತೀರಿಕೊಳ್ಳುತ್ತಾರೆ. ಓದುಗರ ಕಣ್ಣೀರಿಗೆ ಊರಿನ ಕೆರೆ ಕೋಡಿ ಬೀಳುತ್ತದೆ.

“ಒಂದು ಜೀವ ಹೋದ್ರೇನೇ ನಿಮ್ಮ ಕಥೆಗೆ ಜೀವ ಬರೋದಾ?” ಎಂದಳು. ಅಳಿಸಿದೆ.

ಆ) ಹತ್ತೂ ಎಂಟಕ್ಕೆ ಫೋನು ಬಂತು. “ಪರದೆ ನಂಬಿ ಯಾರಿಗೂ ಒಂದು ಹನೀನೂ ಕೊಟ್ಟಿಲ್ಲ, ಮೇಡಂ. ಹನ್ನೊಂದು ವಾರ್ಡೂ ತಿರುಗಿದೆ, ನನ್ನ ಮಂಡಿ ಕಥೆ ಮುಗೀತು. ಮೇಷ್ಟ್ರು ಮಾತ್ರ ಬೇಜಾರಲ್ಲಿದಾರೆ. ನಲವತ್ತೊಂದು ಅಂದಿದ್ದಕ್ಕೆ ಅಕ್ಕಪಕ್ಕದ ಬೆಡ್ಡಿನವರೆಲ್ಲ ಮರ್ಯಾದೆ ಕೊಡ್ತಿದ್ರಂತೆ.”

ಗೆರೆಯಮ್ಮ ಮೇಜಿಗೆ ಹಣೆಯಿಟ್ಟು ನಕ್ಕಳು. ಬೆನ್ನು ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮೇಜು ಒದ್ದೆ.

ಈ ಅಂತ್ಯ ನಡೆದದ್ದು. ನಾನು ಕಟ್ಟಿದ್ದಲ್ಲ, ಅದಕ್ಕೇ ಚೆನ್ನಾಗಿದೆ.

೫

“ಮುಗೀತಾ?” ಎಂದಳು.

“ಮುಗೀತು.”

“ಒಬ್ಬನೇ ರೋಗಿ ಇರೋ ಆ ಫೈಲು ಯಾರು ಮಾಡಿದ್ದು ಅಂತ ಬರೆದ್ರಾ?”

(ಓದುಗರೇ, ದಯವಿಟ್ಟು ಆಚೆ ನೋಡಿ.)

“ಆ ವಾರ ನಾನು ರಜೆ, ಸಾರ್. ಗೆರೆ ಎಳೆದೋರು ಯಾರು?”

ನಾನು. ಫೈಲು ಮಾಡಿದ್ದೂ ನಾನೇ. ಇಡೀ ವಾರ್ಡಿನ ಫೈಲು ಮಾಡಲು ಸೋಮಾರಿತನ. ಅಷ್ಟೇ ಅಲ್ಲ. ಆ ಬೆಳಿಗ್ಗೆ ಫೋನು ಎತ್ತಿದ್ದು ಗೆರೆಯಮ್ಮ ಅಂದೆನಲ್ಲ, ಅದೂ ಸುಳ್ಳು. ಮೊದಲು ಎತ್ತಿದವನು ನಾನು. ನಲವತ್ತೊಂದು ಅಂದದ್ದು ಕೇಳಿ ನಗು ಬಂತು. “ನೆಟ್‌ವರ್ಕ್ ತೊಂದರೆ ಇರಬೇಕು ಸಿಸ್ಟರ್, ರಿಫ್ರೆಶ್ ಮಾಡಿ,” ಎಂದು ಇಡುವುದರಲ್ಲಿದ್ದೆ. ಪಕ್ಕದ ಮೇಜಿನಿಂದ ಅವಳು ಎದ್ದು ಬಂದು ನನ್ನ ಕೈಯಿಂದ ಕಿತ್ತುಕೊಂಡಳು.

ಬರೆದುಬಿಟ್ಟೆ. ಎದೆಯ ಮೇಲೆ ಕೂತಿದ್ದವರು ಎದ್ದು ಹೋದ ಹಾಗಿದೆ.

“ಇವರಿಗೆ ಹೇಳಿದ್ರಿ, ಸರಿ,” ಎಂದಳು ಗೆರೆಯಮ್ಮ, ನಿಮ್ಮ ಕಡೆ ಕೈ ತೋರಿಸಿ. “ಮ್ಯಾನೇಜರ್‌ಗೆ? ಸಿಸ್ಟರ್‌ಗೆ?”

ಅವರು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವ ಧೈರ್ಯ ಈವತ್ತು ಇಲ್ಲ. ಅವಳು ಬಾಗಿಲ ಬಳಿ ನಿಂತಿದ್ದಾಳೆ.

“ಏಳಿ. ನಾನೂ ಜೊತೆಗೆ ಬರ್ತೀನಿ. ಆದ್ರೆ ಮಾತಾಡೋರು ನೀವು.”

ಕುರ್ಚಿ ಹಿಂದಕ್ಕೆ ಸರಿಸಿದೆ.