ಗೂಟದ ಆಚೆಯ ಮನೆ

"ಹೆಬ್ಬಟ್ಟು ಒತ್ತೂದಿಲ್ಲಂದ್ರ ಒತ್ತೂದಿಲ್ಲ," ಎಂದು ಲಗಮವ್ವ ಎರಡೂ ಕೈಗಳನ್ನು ಕಂಬಳಿಯೊಳಗೆ ಹುದುಗಿಸಿದಳು. "ಹತ್ತದ ಬೆಂಕಿಗಿ ಪಟ್ಟಿ ಯಾಂವ ಕೊಡ್ತಾನ?"

ದಡ್ಡಿ ಎಂಬ ಊರಿನ ಪಂಚಾಯ್ತಿ ಕಾರಕೂನ ರಾಚಪ್ಪನ ಕೈಯಲ್ಲಿ ನೀಲಿ ಮಸಿಯ ಡಬ್ಬಿ ಒಣಗುತ್ತಿತ್ತು. ಹೊಸ ಕಾಯ್ದೆಯಂತೆ ಊರ ಸುತ್ತ ಗೂಟ ಹೊಡೆದು 'ಬೆಂಕಿ ಹದ್ದು', ಅಂದರೆ ಬೆಂಕಿ ನಂದಿಸುವ ಏರ್ಪಾಟಿನ ಎಲ್ಲೆ, ಗುರುತಿಸಬೇಕು; ಗೂಟದೊಳಗಿನ ಪ್ರತಿ ಮನೆಯೂ ಒಪ್ಪಿ ವರ್ಷಕ್ಕೆ ನಾಲ್ಕಾಣೆ ತೆರಿಗೆಪಟ್ಟಿ ಕೊಡಬೇಕು; ಆಗಷ್ಟೇ ಬೆಂಕಿ ನಂದಿಸುವ ಸರ್ಕಾರದ ಕೈಪಂಪು. ಊರವರೆಲ್ಲ ಹೆಬ್ಬಟ್ಟು ಒತ್ತಿಯಾಗಿತ್ತು. ಉಳಿದದ್ದು ಊರ ಕೊನೆಯಲ್ಲಿದ್ದ ಕುರುಬರ ಲಗಮವ್ವನ ಹೆಬ್ಬೆರಳೊಂದೇ. ಮಧ್ಯಾಹ್ನಕ್ಕೆ ಹುಕ್ಕೇರಿಯಿಂದ ತಾಲೂಕಿನ ಮಾಮಲೇದಾರರು ಕಾಗದ ನೋಡಲು ಬರುವವರಿದ್ದರು.

ರಾಚಪ್ಪ ಮೂಗು ಹಿಡಿದು ಮಾಮಲೇದಾರರ ದನಿ ತೆಗೆದ: "ಏನಯ್ಯಾ ಕಾರಕೂನ, ಒಂದು ಬೆರಳು ಇಡೀ ಸರ್ಕಾರವನ್ನು ಕುಣಿಸುವುದೇ?" ಪಕ್ಕದ ಮನೆಯ ಸಾತವ್ವ ಬಾಯಿಗೆ ಸೆರಗಿಟ್ಟು ನಕ್ಕಳು. ಲಗಮವ್ವ ನಗಲಿಲ್ಲ.

"ಆತ್ ಬಿಡವ್ವಾ." ರಾಚಪ್ಪ ಅವಳ ಬಣವಿಯ ಆಚೆಗಿದ್ದ ಗೂಟವನ್ನು ಕಿತ್ತು ತಂದು ಅವಳ ಮತ್ತು ಸಾತವ್ವನ ಮನೆಗಳ ನಡುವೆ ನೆಟ್ಟ. "ನೀ ಈಗ ಹದ್ದಿನ ಹೊರಗ. ಪಟ್ಟಿನೂ ಇಲ್ಲ, ತಂಟೆನೂ ಇಲ್ಲ."

ಲಗಮವ್ವ ಗೂಟವನ್ನೇ ನೋಡಿದಳು. "ಅಂದ್ರ ಸಾತವ್ವನ ಮನಿಗಿ ಬೆಂಕಿ ಬಿದ್ರ ನನ್ನ ಕರ್ಯಾಂಗಿಲ್ಲೇನು?"

"ನಿನ್ನ ಯಾಕ ಕರೀತಾರ? ಪಂಪ ಬರತೈತಿ."

ಬೆಂಕಿ ಬಿದ್ದಾಗ ಮನೆಗೊಂದು ಕೊಡ ಹೋಗುವುದು ಈ ಊರ ವಾಡಿಕೆ. ಕೊಡ ಬೇಡವೆನಿಸಿಕೊಂಡ ಮನೆಗೆ ಮದುವೆಯ ಕರೆಯೂ ಬರುವುದಿಲ್ಲ.

"ಹ್ವಾದ ಸುಗ್ಗ್ಯಾಗ ಇಕಿ ಚಪ್ಪರಕ್ಕ ಬೆಂಕಿ ಹತ್ತಿದಾಗ ಮೊದಲ ಕೊಡಾ ಯಾರ್ದು? ಹೇಳಲೇ ಸಾತಿ!" ಎಂದಳು ಲಗಮವ್ವ.

ಸಾತವ್ವನ ನಗು ಅಡಗಿತ್ತು. "ನಿಂದ ಯಕ್ಕಾ. ಕೂಸಿನ ತೊಟ್ಟಲಾನೂ ನೀನ ಹೊರಗ ತಂದಿದ್ದಿ." ಅವಳು ರಾಚಪ್ಪನತ್ತ ತಿರುಗಿದಳು. "ಗೂಟ ಕೀಳು. ಇಲ್ಲಂದ್ರ ನನ್ನ ಹೆಬ್ಬಟ್ಟು ವಾಪಸ್ ಕೊಡು."

"ಹ್ಯಾಂಗ ಕೊಡ್ಲಿ, ಕಾಗದ ನೆಕ್ಕಿ?"

"ತಾ ಇಲ್ಲಿ ಡಬ್ಬಿ," ಎಂದಳು ಲಗಮವ್ವ. "ಆದ್ರ ಒಂದ ಮಾತು ಬರಕೋ. ಪಂಪ ಬಂದ್ರೂ ಮನಿಗೊಂದ ಕೊಡಾ ಹೋಗಬೇಕು."

"ಕಾಯ್ದೆದಾಗ ಹಂಗಿಲ್ಲವ್ವಾ."

"ಮತ್ತ ಪಂಪಿಗಿ ನೀರು ನಿನ್ನ ಕಾಯ್ದೆ ಹೊತ್ತ ತರತೈತೇನು?"

ರಾಚಪ್ಪ ಮೊಣಕಾಲ ಮೇಲೆ ಕಾಗದ ಹರಡಿದ. ಅವಳ ಮಾತನ್ನು ಕೆಳಗೆ ಬರೆದುಕೊಂಡ. ಲಗಮವ್ವ ಹೆಬ್ಬಟ್ಟು ಒತ್ತಿದಳು. ಗೂಟ ಕಿತ್ತುಕೊಂಡು ಬಣವಿ ದಾಟಿ, ಕುರಿಹಟ್ಟಿಯನ್ನೂ ದಾಟಿ, ಕಲ್ಲಿನಿಂದ ಬಡಿದು ನಿಲ್ಲಿಸಿದಳು.

ಹುಕ್ಕೇರಿಯ ದಾರಿಯಲ್ಲಿ ಧೂಳೆದ್ದಾಗ ಎರಡೂ ಮನೆಗಳ ಮುಂದೆ ತುಂಬಿದ ಕೊಡಗಳಿದ್ದವು. ಒಂದರ ಕಂಠದ ಮೇಲೆ ಹೆಬ್ಬೆರಳಿನ ನೀಲಿ ಗುರುತು ಇನ್ನೂ ಹಸಿಯಾಗಿತ್ತು.