ಪಕ್ಕದವರ ಜೊತೆ ಮಾತಾಡಿ

"ಪಕ್ಕದವರ ಜೊತೆ ಮಾತಾಡಿ," ಎಂದು ವೆಸ್ನಾ ಬಾಯಿ ಮುಚ್ಚಿಕೊಂಡಳು. ಅರವತ್ತು ವಿದ್ಯಾರ್ಥಿಗಳು ಕುರ್ಚಿ ತಿರುಗಿಸಿದರು. ಗದ್ದಲದ ನಡುವೆ ಅವಳು ಮೇಜಿನಿಂದ ಮೇಜಿಗೆ ಸುತ್ತತೊಡಗಿದಳು.

ಮೂರನೆಯ ಮೇಜಿನ ಬಳಿ ಬಂದಾಗ ಮಾತು ನಿಂತಿತು. ಲಾರಿಸಾ ಒಂದು ಹಾಳೆಯ ಮೇಲೆ ಮೊಣಕೈ ಊರಿದಳು. ಅಷ್ಟರಲ್ಲಿ 'ಡೀನ್ ಅವರಿಗೆ' ಎಂಬುದು ವೆಸ್ನಾಳ ಕಣ್ಣಿಗೆ ಬಿದ್ದಾಗಿತ್ತು.

"ಏನದು?"

"ಏನಿಲ್ಲ."

"ಕೊಡು."

ಲಾರಿಸಾ ಪ್ರತಿ ಗುರುವಾರ ವೆಸ್ನಾಳ ಕೋಣೆಗೆ ಬಂದು, ಲೆಕ್ಕ ಬಿಡಿಸುವ ತನಕ ಏಳದೆ ಕೂರುತ್ತಿದ್ದ ಹುಡುಗಿ. ಮೊದಲ ಸಹಿಯೇ ಅವಳದು. 'ಇವರು ಪಾಠ ಮಾಡುವುದಿಲ್ಲ. ಉತ್ತರ ಗೊತ್ತಿದ್ದೂ ಬಚ್ಚಿಡುತ್ತಾರೆ. ನಾವೇ ಕಲಿಯಬೇಕಾಗಿದೆ.'

ಕೊನೆಯ ವಾಕ್ಯಕ್ಕೆ ನಗು ಬರಬೇಕಿತ್ತು; ಅವಳು ಬಯಸಿದ್ದೂ ಅದನ್ನೇ.

"ನೀನೇ ಬರೆದೆಯಾ?"

"ಇಲ್ಲ, ಎಲ್ಲಾ ಗುಂಪಲ್ಲಿ ಕೂತು ಚರ್ಚೆ ಮಾಡಿ ಬರೆದ್ವಿ. ಆಮೇಲೆ ಮಾರ್ವಿನ್ ಸರ್ ತಿದ್ದಿಕೊಟ್ರು."

ವೆಸ್ನಾ ಹಾಳೆಯನ್ನು ವಾಪಸು ಕೊಟ್ಟಳು. ಯಾಕೆ ಹರಿಯಲಿಲ್ಲವೆಂದು ಆಮೇಲೂ ಅವಳಿಗೆ ತಿಳಿಯಲಿಲ್ಲ.

ಕ್ರೊಯೇಷಿಯಾ ಬಿಟ್ಟು ಕೆನಡಾದ ಈ ಬಯಲಿಗೆ ಬಂದು ಆರು ವರ್ಷ. ಮೊದಮೊದಲು ಹಲಗೆ ತುಂಬ ಬರೆದು ಗಂಟೆಗಟ್ಟಲೆ ಭೌತಶಾಸ್ತ್ರ ಒದರುತ್ತಿದ್ದವಳನ್ನು ತಡೆದವನು ಮಾರ್ವಿನ್. ಕೇಳು, ಕಾಯು, ಅವರೇ ತಡಕಾಡಲಿ ಎಂದಿದ್ದ. ಅವಳ ತರಗತಿಯ ಅಂಕಗಳನ್ನಿಟ್ಟುಕೊಂಡು ಇಬ್ಬರೂ ಪ್ರಬಂಧ ಬರೆದಿದ್ದರು: ಹೀಗೆ ಕಲಿತವರು ಹೆಚ್ಚು ಕಲಿಯುತ್ತಾರೆ, ಆದರೆ ಏನೂ ಕಲಿಯಲಿಲ್ಲವೆಂದೇ ನಂಬುತ್ತಾರೆ. ಆ ಪ್ರಬಂಧದ ಬಲದಿಂದಲೇ ಅವನೀಗ ವಿಭಾಗದ ಮುಖ್ಯಸ್ಥ.

ಊಟದ ಹೊತ್ತಿಗೆ ಅವನು ಮೈಕ್ರೋವೇವಿನ ಮುಂದೆ ಸೂಪಿಗಾಗಿ ಕಾಯುತ್ತಿದ್ದ.

"ಪತ್ರ ನೋಡಿದೆ."

"ನಿಮ್ಮ ಬೀದೀಲಿ ಹಿಮ ಎತ್ತಿದ್ರಾ? ನಮ್ಮಲ್ಲಿ ಇನ್ನೂ ಇಲ್ಲ ನೋಡು."

"ನೀನು ತಿದ್ದಿದ್ದಂತೆ."

"ಬರೀ ವ್ಯಾಕರಣ, ವೆಸ್ನಾ. ಮೊದಲು ಬರೆದದ್ದು ಇನ್ನೂ ಒರಟಾಗಿತ್ತು. ನಿನಗೆ ಒಳ್ಳೇದಾಗ್ಲಿ ಅಂತಾನೇ..."

"ನಮ್ಮ ಪ್ರಬಂಧ ಡೀನ್‌ಗೆ ತೋರಿಸಿದೆಯಾ?"

ಅವನು ಸೂಪು ತೆಗೆದು ಊದಿದ. "ಈ ತಿಂಗಳು ನಿನ್ನ ಕೆಲಸ ಕಾಯಂ ಆಗ್ಬೇಕಲ್ವಾ? ಒಂದಷ್ಟು ದಿನ ಹಲಗೆ ಮೇಲೆ ಬರೆದುಬಿಡು. ಪ್ರಬಂಧ ಎಲ್ಲಿಗೂ ಓಡಿಹೋಗಲ್ಲ."

"ನೀನು ನಂಬಿದ್ದೆಯಾ ಅದನ್ನ?"

"ಬಿಸಿ ಇದೆ, ಆಮೇಲೆ ಮಾತಾಡೋಣ," ಎಂದು ಅವನು ಬಟ್ಟಲು ಹಿಡಿದು ಹೊರಟ.

ಮಧ್ಯಾಹ್ನದ ತರಗತಿಯಲ್ಲಿ ವೆಸ್ನಾ ಯಾರನ್ನೂ ಏನೂ ಕೇಳಲಿಲ್ಲ. ಹಲಗೆಗೆ ಮುಖ ಮಾಡಿ ಬರೆಯತೊಡಗಿದಳು. ಬೆನ್ನ ಹಿಂದೆ ಕುರ್ಚಿಗಳು ಒಂದೊಂದಾಗಿ ನೇರವಾದವು. ಪೆನ್ನುಗಳು ಹೊರಬಂದವು. ಯಾರೋ ನಿರಾಳವಾಗಿ ನಿಟ್ಟುಸಿರು ಬಿಟ್ಟರು.

ಹಿಮದಲ್ಲಿಟ್ಟ ಕಾಫಿ ಆರುವ ಲೆಕ್ಕ. ನಾಲ್ಕನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟುಹೋಗಿತ್ತು. ಏಳನೆಯ ಸಾಲಿಗೆ ಬಂದ ಮೇಲೆ ಅದು ಅವಳ ಗಮನಕ್ಕೆ ಬಂತು. ಹಲಗೆಯ ಮೇಲಿನ ಕಾಫಿ ಹಿಮದಲ್ಲಿ ಕೂತು ನಿಮಿಷ ನಿಮಿಷಕ್ಕೂ ಬಿಸಿಯೇರುತ್ತಿತ್ತು.

ಅವಳು ತಿರುಗಿ ನಿಂತು, ಯಾರಾದರೂ ತಪ್ಪು ಹಿಡಿಯಲೆಂದು ಕಾದಳು. ಅರವತ್ತು ತಲೆಗಳು ಬಗ್ಗಿದ್ದವು. ಬರೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಲಾರಿಸಾ ಕೈ ಎತ್ತಿದಳು. ವೆಸ್ನಾ ಹಲಗೆ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

"ಹೇಳು."

"ನಾಲ್ಕನೇ ಸಾಲು ಕಾಣ್ತಿಲ್ಲ. ಸ್ವಲ್ಪ ಪಕ್ಕಕ್ಕೆ ಸರೀತೀರಾ?"

ವೆಸ್ನಾ ಸರಿದು ನಿಂತಳು. ಲಾರಿಸಾ ಆ ಸಾಲನ್ನು ಅಂದವಾಗಿ ಬರೆದುಕೊಂಡು, ಅಡಿಗೆರೆ ಹಾಕಿದಳು.

ಹಲಗೆಯ ಮೇಲೆ ಕಾಫಿ ಕುದಿಯುತ್ತಲೇ ಇತ್ತು.